ನಾನು ‘ಬಿಡಿ’ ಎಂದ ಶನಿವಾರ

ಆ ಶನಿವಾರ ಮಧ್ಯಾಹ್ನ ನಾನು ಒಂದು ಪದ ಟೈಪ್ ಮಾಡಿದ್ದು ಖಂಡಿತ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಪದ: ಬಿಡಿ. ಯಾವ ಅರ್ಥದಲ್ಲಿ ಬರೆದೆ ಎಂಬುದು ಮಾತ್ರ ಖಂಡಿತವಿಲ್ಲ. ಹೊರಗೆ ಬಿಡಿ, ಜನ ಓದಲಿ ಎಂದೆನೋ, ಅಥವಾ ಬಿಟ್ಟುಬಿಡಿ, ಅದರ ಗೊಡವೆ ಬೇಡ ಎಂದೆನೋ. ಈ ಕಥೆಯನ್ನು ಮ್ಯಾಂಚೆಸ್ಟರಿನ ಸುತ್ತಮುತ್ತ ಹಲವು ಮನೆಗಳಲ್ಲಿ ಹೇಳಿದ್ದೇನೆ. ಕೇಳುವವರ ಮುಖ ನೋಡಿಕೊಂಡು ಅರ್ಥ ಬದಲಾಗಿದೆ. ಅಂದು ಕಿಟಕಿಯಾಚೆ ಮಳೆ ಇತ್ತು ಎಂದೂ ಹೇಳಿದ್ದೇನೆ, ಸುಡುಬಿಸಿಲಿತ್ತು ಎಂದೂ ಹೇಳಿದ್ದೇನೆ. ಹಾಗಾಗಿ ಇಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಅರ್ಧ ನಂಬಿ ಬರೆಯುತ್ತಿದ್ದೇನೆ. ಪೂರ್ತಿ ನಂಬಬಹುದಾದದ್ದು ಒಂದೇ, ನನ್ನ ಹೊಟ್ಟೆಕಿಚ್ಚು.

ಮೊದಲ ಲಾಕ್‌ಡೌನ್ ಸಡಿಲವಾಗುತ್ತಿದ್ದ ಜೂನ್ ಅದು. ಮ್ಯಾಂಚೆಸ್ಟರ್ ಪಕ್ಕದ ಮೀಡಿಯಾಸಿಟಿ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ನಾನು ಕಾಮೆಂಟ್ ಓದುವ ಕೆಲಸದಲ್ಲಿದ್ದೆ. ಉತ್ತರದ ಮತ್ತು ಮಿಡ್‌ಲ್ಯಾಂಡ್ಸ್‌ನ ಹಲವು ಫುಟ್‌ಬಾಲ್ ಕ್ಲಬ್ಬುಗಳ ಅಭಿಮಾನಿಗಳಿಗಾಗಿ ನಮ್ಮ ಕಂಪನಿ ಚರ್ಚೆಯ ಪುಟಗಳನ್ನು ನಡೆಸುತ್ತಿತ್ತು. ಬಂದ ಕಾಮೆಂಟನ್ನು ಮೊದಲು ಒಂದು ಸಾಫ್ಟ್‌ವೇರ್ ಜರಡಿ ಹಿಡಿಯುತ್ತಿತ್ತು. ಅದಕ್ಕೆ ಸಂಶಯ ಬಂದದ್ದು ನಮ್ಮ ಸಾಲಿಗೆ ಬಂದು ನಿಲ್ಲುತ್ತಿತ್ತು. ಪ್ರಕಟಿಸುವುದು ಅಥವಾ ತಳ್ಳಿಹಾಕುವುದು, ನಮ್ಮ ಮುಂದಿದ್ದದ್ದು ಇವೆರಡೇ ಗುಂಡಿ. ತಿದ್ದುವಂತಿರಲಿಲ್ಲ. ಅಪಾಯದ್ದು ಎಂದು ಕೆಂಪು ಗುರುತು ಬಿದ್ದ ಕಾಮೆಂಟಿಗೆ ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಓದಿ ಇನ್ನೊಬ್ಬರನ್ನು ಕೇಳಬೇಕು, ಅವರು ಸರಿ ಎಂದ ಮೇಲೆ ಗುಂಡಿ ಒತ್ತಬೇಕು. ಕೆಂಪು ಸಾಲನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆಯಲು ಅನುಮತಿ ಇರಲಿಲ್ಲ. ಆದ್ದರಿಂದ ಊರೆಲ್ಲ ಮನೆಯಲ್ಲಿ ಕೂತಿದ್ದಾಗ ನಾವು ಮೂವರು ಖಾಲಿ ಕಚೇರಿಗೆ ಹೋಗುತ್ತಿದ್ದೆವು. ಒಬ್ಬೊಬ್ಬರೂ ಒಂದೊಂದು ಮೂಲೆಗೆ, ಮಾತೆಲ್ಲ ಚಾಟ್‌ನಲ್ಲಿ.

ಆ ಮೂವರಲ್ಲಿ ಒಬ್ಬರು ನಮ್ಮ ಸೂಪರ್‌ವೈಸರ್, ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಬೆಳೆದ ಪಂಜಾಬಿ. ಇನ್ನೊಬ್ಬಳು ಹುಬ್ಬಳ್ಳಿಯವಳು. ಲೀಡ್ಸ್‌ನಲ್ಲಿ ಎಂಎಸ್ಸಿ ಮುಗಿಸಿದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು, ನನ್ನನ್ನು ‘ಸರ್’ ಎನ್ನುತ್ತಿದ್ದಳು, ನಾನು ‘ನೀವು’ ಎನ್ನುತ್ತಿದ್ದೆ. ಇಬ್ಬರದೂ ಕಾಂಟ್ರ್ಯಾಕ್ಟ್ ಕೆಲಸ. ಆಗಸ್ಟಿನ ಹೊತ್ತಿಗೆ ಒಬ್ಬರನ್ನು ಮಾತ್ರ ಖಾಯಂ ಮಾಡುತ್ತೇವೆ ಎಂದು ಮೇ ತಿಂಗಳಲ್ಲೇ ಇಬ್ಬರಿಗೂ ಹೇಳಿದ್ದರು.

ಆ ಒಂದು ಹುದ್ದೆ ಅವಳಿಗೆ ಬೇಕಿತ್ತು. ಅದು ಸಿಕ್ಕರೆ ಕಂಪನಿ ಅವಳ ವೀಸಾಗೆ ಜಾಮೀನು ನಿಲ್ಲುತ್ತಿತ್ತು, ಇಲ್ಲದಿದ್ದರೆ ಅವಳು ವಾಪಸ್ ಹೊರಡಬೇಕಿತ್ತು. ನನಗೂ ಬೇಕಿತ್ತು, ಕಾರಣ ಬೇರೆ. ನನ್ನ ಹೆಂಡತಿ ವಿದನ್‌ಶಾ ಆಸ್ಪತ್ರೆಯಲ್ಲಿ ನರ್ಸ್. ನಾನು ಈ ದೇಶದಲ್ಲಿ ಇರುವುದು ಅವಳ ವೀಸಾದ ಬಾಲವಾಗಿ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂಎ, ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು ಎಂಎ ಮಾಡಿ, ಎರಡು ವರ್ಷ ಗೋದಾಮಿನಲ್ಲಿ ಡಬ್ಬ ಎತ್ತಿದ ಮೇಲೆ, ತಲೆ ಉಪಯೋಗಿಸುವ ಮೊದಲ ಕೆಲಸ ಸಿಕ್ಕಿತ್ತು. ಅದು ಕೈ ಬಿಟ್ಟರೆ ಮತ್ತೆ ಡಬ್ಬ.

ಸ್ಪರ್ಧೆ ಶುರುವಾದದ್ದು ಬಹುಶಃ ನನ್ನ ಕಡೆಯಿಂದ ಮಾತ್ರ. ಅವಳಿಗೆ ಫುಟ್‌ಬಾಲ್ ಗೊತ್ತಿತ್ತು, ಅದೇ ನನಗೆ ಮೊದಲು ಚುಚ್ಚಿದ್ದು. ಲೀಡ್ಸ್‌ನಲ್ಲಿ ಓದುವಾಗ ಪ್ರತಿ ಶನಿವಾರ ಮೈದಾನದ ಸ್ಟಾಲಿನಲ್ಲಿ ಚಹಾ ಮಾರುತ್ತಿದ್ದಳಂತೆ. ಯಾರ್ಕ್‌ಶೈರಿನವನೊಬ್ಬ ಬೈದರೆ ಅದು ಬೈಗುಳವೋ ಪ್ರೀತಿಯೋ ಎಂದು ಒಂದೇ ಸಲ ಓದಿ ಹೇಳುತ್ತಿದ್ದಳು. ನಾನು ಮೂರು ಸಲ ಓದಿ, ನಿಘಂಟು ನೋಡಿ, ಆಮೇಲೂ ತಪ್ಪುತ್ತಿದ್ದೆ. ಸೂಪರ್‌ವೈಸರ್ ಅವಳ ಹೆಸರನ್ನು ಸರಿಯಾಗಿ ಕರೆಯುತ್ತಿದ್ದರು. ನನ್ನದನ್ನು ಎರಡಕ್ಷರಕ್ಕೆ ಕತ್ತರಿಸಿದ್ದರು. ಅವಳು ತರುತ್ತಿದ್ದ ಶೇಂಗಾ ಚಟ್ನಿಪುಡಿ ಹಚ್ಚಿದ ಸ್ಯಾಂಡ್‌ವಿಚ್‌ನಲ್ಲಿ ಒಂದನ್ನು ಅವರು ಎರಡು ಮೀಟರ್ ದೂರದಿಂದ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ಇವನ್ನೆಲ್ಲ ನಾನು ಗಮನಿಸುತ್ತಿದ್ದೆ ಎಂಬುದೇ ನನ್ನ ಬಗ್ಗೆ ಸಾಕಷ್ಟು ಹೇಳುತ್ತದೆ.

ನನ್ನಲ್ಲಿದ್ದದ್ದು ವರ್ಗೀಕರಣ. ಆ ಜೂನ್‌ನಲ್ಲಿ ಪುಟಗಳ ತುಂಬ ಮೂರು ಜಗಳಗಳು ಒಟ್ಟಿಗೆ ಹೊತ್ತಿಕೊಂಡಿದ್ದವು. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ಮನುಷ್ಯನೊಬ್ಬ ಸತ್ತಮೇಲೆ ಇಲ್ಲೂ ಬೀದಿಗಳಲ್ಲಿ ಮೆರವಣಿಗೆ ನಡೆಯುತ್ತಿತ್ತು, ಅದಕ್ಕೆ ಬೆಂಬಲವಾಗಿ ಪಂದ್ಯಕ್ಕೆ ಮುಂಚೆ ಆಟಗಾರರು ಮಂಡಿಯೂರಬೇಕೇ ಬೇಡವೇ ಎಂಬುದು ಒಂದು ಜಗಳ. ನಿಂತುಹೋದ ಪಂದ್ಯಗಳನ್ನು ಖಾಲಿ ಮೈದಾನದಲ್ಲಿ ಮತ್ತೆ ಶುರು ಮಾಡುವುದು ಸುರಕ್ಷಿತವೇ ಎಂಬುದು ಇನ್ನೊಂದು. ಮೂರನೆಯದು ಲೀಗ್ ಮತ್ತು ಆಟಗಾರರ ಸಂಘದ ನಡುವೆ ನಡೆಯುತ್ತಿದ್ದ ಮಾತುಕತೆ, ಸಂಬಳ ಎಷ್ಟು ಕಡಿತ, ಹೆದರಿದ ಆಟಗಾರ ಆಡಲಾರೆ ಎನ್ನಬಹುದೇ ಎಂದು. ಒಬ್ಬ ಮಂಡಿಯ ಬಗ್ಗೆ ಹೇಳಿದರೆ ಇನ್ನೊಬ್ಬ ಸಂಬಳದಿಂದ ಹೊಡೆಯುತ್ತಿದ್ದ, ಮೂರನೆಯವನು ಮಾಸ್ಕ್ ಎಳೆಯುತ್ತಿದ್ದ. ನಾನು ಎರಡು ಪುಟದ ಟಿಪ್ಪಣಿ ಬರೆದೆ. ಮೂರಕ್ಕೂ ಮೂರು ಬೇರೆ ಕೋಣೆ ಮಾಡೋಣ, ಒಂದು ಕೋಣೆಯಲ್ಲಿ ಇನ್ನೊಂದರ ವಿಷಯ ಎತ್ತಿದರೆ ತಳ್ಳಿಹಾಕೋಣ, ಒಂದೇ ಕಾಮೆಂಟನ್ನು ಎರಡು ಕಡೆ ಹಾಕಿದರೆ ಕೆಂಪು ಗುರುತು ಬೀಳಲಿ ಎಂದು. ಸೂಪರ್‌ವೈಸರ್‌ಗೆ ಹಿಡಿಸಿತು. ಹತ್ತು ದಿನ ಎಲ್ಲ ಚೊಕ್ಕವಾಗಿ ನಡೆಯಿತು. ಖಾಯಂ ಹುದ್ದೆ ನನ್ನ ಕಡೆ ವಾಲುತ್ತಿದೆ ಎಂದು ಆ ಹತ್ತು ದಿನ ನಂಬಿದ್ದೆ.

ಅವಳಿಗೆ ಹಿಡಿಸಲಿಲ್ಲ. ನನ್ನ ಜೊತೆ ಸಾಮಾನ್ಯವಾಗಿ ಬೆಂಗಳೂರು ಕನ್ನಡ ಆಡುತ್ತಿದ್ದಳು, ತಡೆಯಲಾಗದಾಗ ಹುಬ್ಬಳ್ಳಿ ಹೊರಬೀಳುತ್ತಿತ್ತು.

“ಸರ್, ಇದು ಫೈಲ್ ಅಲ್ಲ, ಪಬ್ಬು,” ಎಂದಳು ಒಂದು ದಿನ ನೀರಿನ ಯಂತ್ರದ ಹತ್ತಿರ, ದೂರದಿಂದಲೇ. “ಪಬ್ಬಿನ್ಯಾಗ ಕುಂತವಗ ನೀ ಈ ಟೇಬಲ್‌ಗೆ ಬರೇ ಸಂಬಳ ಮಾತಾಡು ಅಂದ್ರ ಕೇಳ್ತಾನೇನ್ರಿ?”

“ಕೇಳ್ತಿದಾರಲ್ಲ ಈಗ. ಬೈಗುಳ ಅರ್ಧ ಆಗಿದೆ.”

“ಮಾತೂ ಅರ್ಧ ಆಗೇತ್ರಿ.”

ನಾನು ನಕ್ಕೆ. ಒಳಗೆ ನಗಲಿಲ್ಲ. ಅಂದಿನಿಂದಲೇ ಇರಬೇಕು, ನನ್ನ ನೋಟ್‌ಪ್ಯಾಡಿನಲ್ಲಿ ಅವಳ ತಪ್ಪುಗಳ ಪಟ್ಟಿ ಶುರು ಮಾಡಿದ್ದು. ಸೋಂಕಿನ ಕೋಣೆಯಲ್ಲಿ ಸಂಬಳದ ಕಾಮೆಂಟ್ ಬಿಟ್ಟಿದ್ದಾಳೆ, ಹನ್ನೊಂದು ಗಂಟೆ ಮೂರು ನಿಮಿಷ. ಮೆರವಣಿಗೆಯ ಕೋಣೆಯಲ್ಲಿ ಮಾಸ್ಕ್ ಬಗ್ಗೆ ಹಾಸ್ಯ ಬಿಟ್ಟಿದ್ದಾಳೆ. ಹೀಗೆ. ಇದು ಕಂಪನಿಯ ಹಿತಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಶನಿವಾರ ಊರ ಮಧ್ಯೆ ಮೆರವಣಿಗೆ ಇತ್ತು. ಅದೇ ದಿನ ಆಟಗಾರರ ಸಂಘದ ಮಾತುಕತೆ ಮುರಿದುಬಿತ್ತು ಎಂಬ ಸುದ್ದಿಯೂ ಹಬ್ಬಿತ್ತು, ಆಮೇಲೆ ಸುಳ್ಳಾಯಿತು. ಸೂಪರ್‌ವೈಸರ್ ರಜೆಯಲ್ಲಿದ್ದರು. ಕಚೇರಿಯಲ್ಲಿ ನಾವಿಬ್ಬರೇ. ಮಧ್ಯಾಹ್ನದ ಹೊತ್ತಿಗೆ ಕೆಂಪು ಸಾಲಿನಲ್ಲಿ ಒಂದೇ ಕಾಮೆಂಟ್ ಮೂರು ಸಲ ಬಂದು ನಿಂತಿತು, ಮೂರು ಕೋಣೆಗಳಿಂದ. ನನ್ನ ನಿಯಮದ ಪ್ರಕಾರ ಅದು ಕಸ.

ಬರೆದವಳು ಒಂದು ಕ್ಲಬ್ಬಿನ ಮೈದಾನದ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು. ಇಂಗ್ಲಿಷಿನಲ್ಲಿದ್ದದ್ದು ನನ್ನ ನೆನಪಿನಲ್ಲಿ ಈಗ ಕನ್ನಡದಲ್ಲೇ ಉಳಿದಿದೆ.

“ಇದನ್ನ ಎಲ್ಲಿ ಹಾಕಬೇಕೋ ತಿಳೀಲಿಲ್ಲ, ಅದಕ್ಕೆ ಎಲ್ಲಾ ಕಡೆ ಹಾಕ್ತಿದೀನಿ. ನನ್ನ ಮಗಳು ಇವತ್ತು ಮೆರವಣಿಗೆಗೆ ಹೋಗಿದಾಳೆ. ಮಾಸ್ಕ್ ನಾನೇ ಕಟ್ಟಿ ಕಳಿಸಿದೆ. ನಾಳೆ ಅವಳು ಆಸ್ಪತ್ರೇಲಿ ನೆಲ ಒರೆಸ್ತಾಳೆ, ಅಲ್ಲಿ ಮಾಸ್ಕ್ ಕೊಡೋರು ಇಲ್ಲದೇ ಇದ್ದಾಗಲೂ ಒರೆಸಿದಾಳೆ. ಮೈದಾನ ಮುಚ್ಚೋ ಮುಂಚಿನ ಕೊನೇ ಪಂದ್ಯಕ್ಕೆ ನಾವು ಗೇಟಿನವರು ಕೈಗವಸು ಕೇಳಿದ್ವಿ. ಹೆದರಿಕೆ ಆದ್ರೆ ಮನೆಗೆ ಹೋಗಿ ಅಂದ್ರು. ಆಟಗಾರ ಹೆದರಿಕೆ ಅಂದ್ರೆ ಅವನ ಸಂಘ ಮಾತಾಡುತ್ತೆ, ಒಳ್ಳೇದೇ. ನಾನು ಹೆದರಿಕೆ ಅಂದ್ರೆ ಮುಂದಿನ ವಾರದ ಪಾಳಿ ಪಟ್ಟೀಲಿ ನನ್ನ ಹೆಸರಿರಲ್ಲ. ನೀವು ಮೂರು ಕಡೆ ಮೂರು ಜಗಳ ಆಡ್ತಿದೀರಿ. ನಮ್ಮನೇಲಿ ಇದೆಲ್ಲ ಒಂದೇ ಮೇಜಿನ ಮೇಲೆ ಬರುತ್ತೆ.”

ಕೈಗವಸಿನ ಮಾತು ಕ್ಲಬ್ಬಿನ ಮೇಲೆ ನೇರ ಆರೋಪ. ಆ ಕ್ಲಬ್ಬು ನಮ್ಮ ಕಂಪನಿಯ ಗಿರಾಕಿ. ಪ್ರಕಟಿಸಿದವರ ಕೆಲಸಕ್ಕೆ ಸಂಚಕಾರ ಬರಬಹುದು ಎಂಬುದು ಓದಿದ ತಕ್ಷಣ ಇಬ್ಬರಿಗೂ ಗೊತ್ತಾಗುವ ವಿಷಯ. ಆ ಮೂಲೆಯಿಂದ ಹುಬ್ಬಳ್ಳಿಯವಳ ಸಂದೇಶ ಬಂತು. ‘ಸರ್, ಓದಿದ್ರಾ? ಏನು ಮಾಡೋಣ?’

ಇಲ್ಲಿಂದ ನನ್ನ ನೆನಪು ಮಂಜಾಗುತ್ತದೆ. ನಾನು ಆ ಹೊತ್ತಿನಲ್ಲಿ ಸೂಪರ್‌ವೈಸರ್‌ಗೆ ಒಂದು ಮೇಲ್ ಬರೆಯುತ್ತಿದ್ದೆ. ಕೋಣೆಗಳ ನಿಯಮ ಎಲ್ಲರೂ ಒಂದೇ ರೀತಿ ಪಾಲಿಸಿದರೆ ಇನ್ನೂ ಒಳ್ಳೆಯ ಫಲ ಬರುತ್ತದೆ ಎಂಬ ಮೇಲ್. ‘ಎಲ್ಲರೂ’ ಎಂದರೆ ಯಾರು ಎಂಬುದು ಅವರಿಗೆ ತಿಳಿಯುವಂತೆ ಪಟ್ಟಿಯಿಂದ ಆರು ಉದಾಹರಣೆ ಆರಿಸುತ್ತಿದ್ದೆ. ಅವಳ ಸಂದೇಶ ನೋಡಿದೆ. ಕಾಮೆಂಟ್ ಓದಿದೆ. ಮತ್ತೆ ಮೇಲ್‌ಗೆ ಹೋದೆನೋ, ಕಿಟಕಿಯತ್ತ ಹೋದೆನೋ, ಗೊತ್ತಿಲ್ಲ. ಒಂದು ಹಂತದಲ್ಲಿ ಬೇಸರದಿಂದಲೋ ಮರುಕದಿಂದಲೋ ಟೈಪ್ ಮಾಡಿದೆ: ಬಿಡಿ.

ಕಾಮೆಂಟ್ ಪ್ರಕಟವಾಯಿತು. ಮೂರು ಕೋಣೆಗಳಲ್ಲೂ.

ಮೊದಲ ಉತ್ತರ ಬಂದದ್ದು ಇಡೀ ವಾರ ನಮ್ಮನ್ನು ಕಾಡಿದ್ದ ಒಬ್ಬನಿಂದ. ಮಂಡಿಯೂರುವವರನ್ನೆಲ್ಲ ಕ್ಲಬ್ಬಿನಿಂದ ಓಡಿಸಬೇಕು ಎನ್ನುತ್ತಿದ್ದವನು. ನಾನು ತಳ್ಳುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಓದಿದೆ. ಅವನು ಬರೆದಿದ್ದ: “ನೀವು ಪೂರ್ವದ ಗೇಟಿನವರಾ? ಕೆಂಪು ಕನ್ನಡಕ? ಪ್ರತಿ ವಾರ ನನ್ನ ಚೀಲ ನೋಡಿ, ಇವತ್ತೂ ಅದೇ ಹಳಸಿದ ಸ್ಯಾಂಡ್‌ವಿಚ್ಚಾ ಅಂತೀರಲ್ಲ?”

“ನಾನೇ,” ಎಂದು ಬಂತು ಉತ್ತರ. “ನೀವು ಇನ್ನೂ ಬದುಕಿದೀರಾ? ಆ ಸ್ಯಾಂಡ್‌ವಿಚ್ ತಿಂದೂ?”

ಕಚೇರಿಯ ಆ ಮೂಲೆಯಿಂದ ಅವಳು ಗಟ್ಟಿಯಾಗಿ ನಕ್ಕಳು. “ನೋಡ್ರಿ ಸರ್, ನೋಡ್ರಿ! ಹೇಳಿದ್ನೊ ಇಲ್ಲೊ?”

ಜಗಳ ನಿಂತಿತು ಎಂದು ಹೇಳಲಾರೆ. ಸಂಜೆಯ ಹೊತ್ತಿಗೆ ಮತ್ತೆ ಬೈದಾಟ ಶುರುವಾಗಿತ್ತು. ಆದರೆ ಆ ಮೂರು ಗಂಟೆ ಜನ ತಂತಮ್ಮ ಕೆಲಸದ ಬಗ್ಗೆ ಬರೆದರು. ಬಸ್ ಓಡಿಸುವವನು, ಶಾಲೆಯ ಅಡುಗೆಯವಳು, ಡಿಪೋದವನು. ಆಡಲಾರೆ ಎನ್ನುವ ಹಕ್ಕು ಆಟಗಾರನಿಗಿರಬೇಕು, ಆದರೆ ಗೇಟಿನವರಿಗೂ ಇರಲಿ ಎಂದು ಒಬ್ಬ ಬರೆದ. ಮೂರು ಕೋಣೆಗಳ ನಡುವಿನ ಗೋಡೆ, ನಾನು ಹತ್ತು ದಿನ ಕಾವಲು ಕಾದ ಗೋಡೆ, ಇಲ್ಲವೇ ಇಲ್ಲ ಎಂಬಂತೆ ಎಲ್ಲರೂ ಓಡಾಡುತ್ತಿದ್ದರು. ನಾನು ಓದುತ್ತ ಕೂತಿದ್ದೆ. ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದೇ ನನಗೆ ಸಹಿಸಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಕೋಟು ಬಿಚ್ಚದೆ ನಡುಮನೆಯಂಥ ನಮ್ಮ ಕಚೇರಿಯ ಮಧ್ಯೆ ನಿಂತರು. ಕ್ಲಬ್ಬಿನವರು ಭಾನುವಾರವೇ ಫೋನ್ ಮಾಡಿದ್ದರಂತೆ, ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ಒಪ್ಪಂದ ಮುಗಿಯಿತು ಎಂದು.

“ಯಾರು ಇದನ್ನ ಬಿಟ್ಟಿದ್ದು? ನನಗೆ ಭಾಷಣ ಬೇಡ, ಹೆಸರು ಬೇಕು.”

ಅವಳು ಕೈ ಎತ್ತಿದಳು, ಶಾಲೆಯಲ್ಲಿ ಎತ್ತುವ ಹಾಗೆ. “ನಾನು.”

“ಎರಡನೇ ಒಪ್ಪಿಗೆ?”

“ಗುಂಡಿ ಒತ್ತಿದ್ದು ನಾನು. ನನ್ನ ಹೆಸರು ಬರ್ಕೊಳ್ಳಿ.”

ನಾನು ಸುಮ್ಮನಿದ್ದೆ. ಅಷ್ಟೇ ಅಲ್ಲ, ಆ ಕ್ಷಣದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ‘ಬಿಡಿ’ ಎಂದರೆ ನಾನು ಹೇಳಿದ್ದು ಬಿಟ್ಟುಬಿಡಿ, ತಳ್ಳಿಹಾಕಿ ಎಂದು. ಮನೆಗೆ ಹೋಗಿ ಹೆಂಡತಿಗೂ ಹಾಗೇ ಹೇಳಿದೆ. “ಬೇಡ ಅಂತಲೇ ಹೇಳಿದ್ದೆ ಕಣೆ. ಆ ಕಡೆಯವರ ಕನ್ನಡಕ್ಕೆ ಬೇರೆ ಅರ್ಥ ಇರ್ಬೇಕು.” ಹೆಂಡತಿ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದಿದ್ದಳು. ಮಾಸ್ಕಿನ ಗೆರೆ ಇನ್ನೂ ಕೆನ್ನೆಯ ಮೇಲಿತ್ತು. ತಟ್ಟೆಯಿಂದ ತಲೆ ಎತ್ತದೆ ಊಟ ಮಾಡಿದಳು.

ಸೂಪರ್‌ವೈಸರ್ ಕಾಮೆಂಟ್ ತೆಗೆಯಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ತಾಯಿ ಬರ್ಮಿಂಗ್‌ಹ್ಯಾಮಿನಲ್ಲಿ ಶಾಲೆ ಗುಡಿಸುತ್ತಿದ್ದರು ಎಂದು ಆಮೇಲೆ ಯಾರೋ ಹೇಳಿದರು, ಅದನ್ನೇ ಕಾರಣ ಮಾಡಿದರೆ ಕಥೆ ತುಂಬಾ ಸಲೀಸಾಗುತ್ತದೆ. ಮಂಗಳವಾರ ಆ ಕ್ಲಬ್ಬಿನ ಆಟಗಾರರ ಪ್ರತಿನಿಧಿಯೊಬ್ಬ, ಸುರಕ್ಷತೆಯ ಮಾತು ನಮ್ಮೊಬ್ಬರದಲ್ಲ, ಗೇಟಿನವರದೂ ಆಗಬೇಕು ಎಂದು ಹೇಳಿಕೆ ಕೊಟ್ಟ. ಬುಧವಾರ ಕ್ಲಬ್ಬು ಗೇಟಿನ ಸಿಬ್ಬಂದಿಗೆಲ್ಲ ಕೈಗವಸು, ಮಾಸ್ಕ್ ಕೊಡುವುದಾಗಿ ಪ್ರಕಟಿಸಿತು. ಒಪ್ಪಂದ ಮುರಿಯಲಿಲ್ಲ. ನಮ್ಮ ಕಂಪನಿಯ ದೊಡ್ಡವರಿಂದ ಶಹಬ್ಬಾಸ್ ಎಂದು ಮೇಲ್ ಬಂತು.

ಆ ಬುಧವಾರ ಸೂಪರ್‌ವೈಸರ್ ಮತ್ತೆ ಕಚೇರಿಯ ಮಧ್ಯೆ ನಿಂತರು, ಕೋಟು ಬಿಚ್ಚಿ. “ಚೆನ್ನಾಗಿ ಮಾಡಿದೆ,” ಎಂದರು ಅವಳಿಗೆ.

“ನಾನೊಬ್ಳೇ ಅಲ್ಲ,” ಎಂದಳು ಅವಳು, ನನ್ನ ಕಡೆ ಕೈ ತೋರಿಸಿ. “ಇಬ್ರೂ. ಸರ್ ಬಿಡಿ ಅಂದ್ರು.”

“ಏನಂದ?”

“ಬಿಡಿ.”

“ಬೀಡಿ? ನನ್ನ ತಾತ ಸೇದ್ತಿದ್ರಲ್ಲ, ಅದಾ? ನೀವಿಬ್ರೂ ಕೆಲಸದ ಚಾಟ್‌ನಲ್ಲಿ ಬೀಡಿ ವ್ಯವಹಾರ ಮಾಡ್ತಿದೀರಾ?”

ಅವಳು ನಕ್ಕು ನಕ್ಕು ಮೇಜಿಗೆ ತಲೆ ಆನಿಸಿದಳು. “ಇಲ್ಲ, ಇಲ್ಲ. ಕನ್ನಡದಲ್ಲಿ ಬಿಡಿ ಅಂದ್ರೆ ಲೆಟ್ ಇಟ್ ಗೋ.”

ನಾನೂ ನಕ್ಕೆ. ಅವಳು ಕೊಟ್ಟ ಇಂಗ್ಲಿಷಿನಲ್ಲೂ ಎರಡರ್ಥ ಹಾಗೇ ಉಳಿದಿತ್ತು, ಯಾರಿಗೂ ಹೊಳೆಯಲಿಲ್ಲ. ಮತ್ತು ಆ ಕ್ಷಣದಲ್ಲಿ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ನನಗೆ ಮತ್ತೆ ಯಾವ ಸಂಶಯವೂ ಇರಲಿಲ್ಲ. ನಾನು ಹೇಳಿದ್ದು ಹೊರಗೆ ಬಿಡಿ ಎಂದೇ. ಸೋಮವಾರದ ಖಚಿತತೆ ಎಷ್ಟು ಗಟ್ಟಿಯಾಗಿತ್ತೋ ಬುಧವಾರದ್ದೂ ಅಷ್ಟೇ ಗಟ್ಟಿ. ನಡುವೆ ಒಂದು ಮಂಗಳವಾರ ಇತ್ತು, ಅಷ್ಟೇ.

ಮನೆಯಲ್ಲಿ ಹೇಳಿದಾಗ ಹೆಂಡತಿ ಈ ಸಲ ತಟ್ಟೆಯಿಂದ ತಲೆ ಎತ್ತಿದಳು.

“ಮೊನ್ನೆ ಬೇಡ ಅಂತ ಹೇಳಿದ್ದೆ ಅಂದ್ರಿ.”

“ಮೊನ್ನೆ ಸರಿಯಾಗಿ ಯೋಚಿಸಿರಲಿಲ್ಲ.”

“ಹದಿನಾಲ್ಕು ವರ್ಷದಿಂದ ಕೇಳ್ತಿದೀನಿ ನಿಮ್ಮ ಬಿಡಿ, ಬಿಡು ಎಲ್ಲಾನೂ. ಸಿಂಕ್ ರಿಪೇರಿ ಮಾಡ್ಸೋಣ್ವಾ ಅಂದ್ರೆ ಬಿಡು. ಅಕ್ಕನ ಮನೆಗೆ ಹೋಗೋಣ್ವಾ ಅಂದ್ರೆ ಬಿಡು. ಒಂದ್ ಸಲನಾದ್ರೂ ಅದಕ್ಕೆ ಹೂಂ ಅಂತ ಅರ್ಥ ಇತ್ತಾ?”

“ಕೆಲಸದ ಜಾಗದಲ್ಲಿ ಬೇರೆ.”

“ಹೌದಾ? ಅಲ್ಲಿ ನೀವು ಬೇರೆ ಮನುಷ್ಯನಾ?” ಎಂದು ತಟ್ಟೆ ಎತ್ತಿಕೊಂಡು ಹೋದಳು.

ಜುಲೈ ಕೊನೆಯಲ್ಲಿ ಸಂದರ್ಶನ. ಮೊದಲು ಅವಳು ಒಳಗೆ ಹೋದಳು, ಇಪ್ಪತ್ತು ನಿಮಿಷದಲ್ಲಿ ಹೊರಬಂದಳು. ನಾನು ಮುಕ್ಕಾಲು ಗಂಟೆ ಇದ್ದೆ. ಆ ಶನಿವಾರದ ನಿರ್ಧಾರದ ಬಗ್ಗೆ ಹೇಳು ಎಂದರು ಸೂಪರ್‌ವೈಸರ್. ನಾನು ಹೇಳಿದೆ. ಸಹೋದ್ಯೋಗಿಗೆ ಗೊಂದಲವಿತ್ತು, ನನ್ನನ್ನು ಕೇಳಿದಳು, ನಾನು ಕಾಮೆಂಟನ್ನು ಅಳೆದು ತೂಗಿ ಪ್ರಕಟಿಸಲು ಸೂಚಿಸಿದೆ, ಅವಳು ಗುಂಡಿ ಒತ್ತಿದಳು. ನನ್ನ ಕಿವಿಗೇ ಅದು ಚೆನ್ನಾಗಿ ಕೇಳಿಸಿತು. ಮತ್ತೆ, ಕೇಳದಿದ್ದರೂ, ಕೋಣೆಗಳ ನಿಯಮ ಪಾಲನೆಯಲ್ಲಿ ಕೆಲವು ಲೋಪಗಳಾಗಿವೆ ಎಂದು ಪಟ್ಟಿಯಿಂದ ಎರಡು ಉದಾಹರಣೆ ಕೊಟ್ಟೆ.

“ಆ ಕಾಮೆಂಟ್ ನಿನ್ನ ನಿಯಮಕ್ಕೇ ವಿರುದ್ಧ ಇತ್ತಲ್ಲ,” ಎಂದರು ಅವರು. “ಮೂರು ಕಡೆ ಹಾಕಿದ್ದು. ನಿಯಮ ಮಾಡಿದವನು ನೀನೇ, ಮುರಿ ಅಂದವನೂ ನೀನೇ?”

“ಅಪವಾದ ಅಂತ ಒಂದಿರುತ್ತೆ.”

ಅವರು ಏನೋ ಬರೆದುಕೊಂಡರು. ಬರೆದುಕೊಂಡದ್ದು ಒಂದೇ ಪದ ಎಂದು ನನ್ನ ನೆನಪು. ಆ ನೆನಪನ್ನೂ ನಂಬುವುದಿಲ್ಲ.

ಹುದ್ದೆ ಅವಳಿಗೆ ಸಿಕ್ಕಿತು. ನನ್ನ ಮೂರು ಕೋಣೆಗಳನ್ನು ಅದೇ ವಾರ ಒಡೆದು ಒಂದು ಮಾಡಿದರು. ನನ್ನ ಕೊನೆಯ ದಿನ ಅವಳು ಒಂದು ಡಬ್ಬಿ ಚಟ್ನಿಪುಡಿ ತಂದಳು, ನಿಮ್ಮ ಮನೆಯವರಿಗೆ ಎಂದು. ಟ್ರಾಮ್ ನಿಲ್ದಾಣದವರೆಗೆ ಜೊತೆಗೆ ಬಂದಳು, ನಡುವೆ ಎರಡು ಮೀಟರ್ ಬಿಟ್ಟು. ಕಾಲುವೆಯ ಪಕ್ಕದ ದಾರಿ ಖಾಲಿ ಇತ್ತು. ನನಗೆ ತಡೆಯಲಾಗಲಿಲ್ಲ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತು ನಾನು ಬಿಡಿ ಅಂದ ಮೇಲೆ ತಾನೆ ನೀವು ಒತ್ತಿದ್ದು?”

ಅವಳು ಕಾಲುವೆಯ ಕಡೆ ತಿರುಗಿದಳು. “ಹಂಗ ಅನ್ಕೋರಿ ಸರ್.”

“ಅನ್ಕೋಳ್ಳೋದಲ್ಲ. ಹೌದಾ ಅಲ್ವಾ?”

“ನೀವು ಬಿಡಿ ಅಂದಿದ್ದು ಖರೇ ಐತಲ್ರಿ. ಅಷ್ಟ ನಾ ಹೇಳೇನಿ ಅವರಿಗೆ. ಸುಳ್ಳು ಹೇಳಿಲ್ಲ.” ಆಮೇಲೆ ಬೆಂಗಳೂರು ಕನ್ನಡಕ್ಕೆ ಮರಳಿ, “ನಿಮ್ಮ ಟ್ರಾಮ್ ಬಂತು ನೋಡಿ,” ಎಂದಳು.

ಆ ‘ಹಂಗ ಅನ್ಕೋರಿ’ ನನ್ನನ್ನು ವರ್ಷಗಟ್ಟಲೆ ಸುಟ್ಟಿತು. ಗೆದ್ದವಳು ಸೋತವನಿಗೆ ಎಸೆದ ಚೂರು ಎಂದುಕೊಂಡೆ. ಅವಳ ಏಳಿಗೆಯ ಸುದ್ದಿ ಬಂದಾಗಲೆಲ್ಲ ಗಾಯ ಕೆದರುತ್ತಿತ್ತು. ಟೀಮ್ ಲೀಡ್ ಆದಳು, ಸ್ಟಾಕ್‌ಪೋರ್ಟಿನಲ್ಲಿ ಮನೆ ತೆಗೆದುಕೊಂಡಳು. ನನಗೆ ಬರ್ಚ್‌ವುಡ್‌ನ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ದಾಖಲೆ ಪರಿಶೀಲನೆಯ ಕೆಲಸ ಸಿಕ್ಕಿತು. ಕೆಟ್ಟ ಕೆಲಸವಲ್ಲ. ಆದರೂ ಕನ್ನಡದವರು ನಾಲ್ಕು ಜನ ಸೇರಿದಲ್ಲಿ ಈ ಕಥೆ ತೆಗೆಯುತ್ತಿದ್ದೆ, ನನ್ನ ನಿರ್ಧಾರವನ್ನು ಇನ್ನೊಬ್ಬರು ಹೊತ್ತುಕೊಂಡು ಹೋದ ಕಥೆಯಾಗಿ.

ಹೋದ ವರ್ಷ ವಾರಿಂಗ್ಟನ್ನಿನಲ್ಲಿ ವಿಜಯಪುರದ ಕಡೆಯ ಒಬ್ಬ ಡಾಕ್ಟರರ ಮನೆಯ ಊಟದಲ್ಲಿ ಅದನ್ನೇ ಹೇಳಿದೆ. ಡಾಕ್ಟರ್ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡು, “ಅಲ್ರೀ, ನಿಮ್ಮ ಮೆಸೇಜಿಗೆ ಟೈಮ್ ಇರ್ತದಲ್ಲ? ಆಕೀ ಬಟನ್ ಒತ್ತಿದ್ದಕ್ಕೂ ಟೈಮ್ ಇರ್ತದ. ಪೇಷಂಟ್ ನೋವು ಎಲ್ಲೆಲ್ಲೋ ಐತಿ ಅಂತಾನ, ನಾವು ಎಕ್ಸ್‌ರೇ ತೆಗೀತೀವಿ. ತೆಗಿಸ್ರಿ,” ಎಂದರು.

ನನ್ನ ಹೆಂಡತಿ ನಕ್ಕಳು. “ತೆಗಿಸಲ್ಲ ಅವರು. ಬಿಡಿ.”

ಮೇಜಿನ ಸುತ್ತ ಎಲ್ಲರೂ ನಕ್ಕರು. ಮರುದಿನವೇ ನಾನು ಹಳೆಯ ಕಂಪನಿಗೆ ಬರೆದೆ. ಒಂದು ಸಂಸ್ಥೆ ನಮ್ಮ ಬಗ್ಗೆ ಇಟ್ಟುಕೊಂಡಿರುವ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಈ ದೇಶದ ಕಾನೂನಿನಲ್ಲಿದೆ. ಒಂದು ತಿಂಗಳ ಬಳಿಕ ನಾನು ಬರೆದ ಚಾಟ್ ಸಂದೇಶಗಳ ಉದ್ದನೆಯ ಪಟ್ಟಿ ಬಂತು, ಪ್ರತಿಯೊಂದರ ಮುಂದೆ ದಿನಾಂಕ, ಗಂಟೆ, ನಿಮಿಷ. ಬೇರೆಯವರ ಮಾತುಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚಿದ್ದರು. ಆ ಶನಿವಾರದ ಸಾಲುಗಳಲ್ಲಿ ಅದು ಇತ್ತು. ಬಿಡಿ. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೊಂದು ನಿಮಿಷ.

ಕಾಮೆಂಟ್ ಇದ್ದ ಹಳೆಯ ಪುಟ ಇನ್ನೂ ಅಂತರ್ಜಾಲದಲ್ಲಿದೆ. ತೆರೆದೆ. ಪ್ರಕಟವಾದ ಸಮಯ ಎರಡು ಗಂಟೆ ಹದಿನೇಳು ನಿಮಿಷ. ಕುರ್ಚಿಯಿಂದ ಎದ್ದುಬಿಟ್ಟೆ. ಸುಮಾರು ಒಂದು ಗಂಟೆ ಮೊದಲೇ ಹೇಳಿದ್ದೇನೆ! ಹೆಂಡತಿಯನ್ನು ಕೂಗಬೇಕೆಂದು ಬಾಯಿ ತೆರೆದೆ, ಆದರೆ ದಾಖಲೆ ಪರಿಶೀಲಿಸುವುದು ಈಗ ನನ್ನ ಕಸುಬು. ಪಟ್ಟಿಯ ತಲೆಬರಹಕ್ಕೆ ಹೋದೆ. ಚಾಟ್‌ನ ಸಮಯವನ್ನು ಗ್ರೀನಿಚ್ ಗಡಿಯಾರದಲ್ಲಿ ಕೊಟ್ಟಿದ್ದೇವೆ ಎಂದು ಸಣ್ಣ ಅಕ್ಷರದಲ್ಲಿತ್ತು. ಜೂನ್‌ನಲ್ಲಿ ಈ ದೇಶದ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಪುಟದ ಸಮಯ ಇಲ್ಲಿನ ಗಡಿಯಾರದ್ದು. ಅದು ಬರೆದು ಕಳಿಸಿದ ಸಮಯವಲ್ಲ, ಗುಂಡಿ ಒತ್ತಿದ ಸಮಯ. ಹಾಗೆಂದು ಓದುಗರಿಗೆ ತಿಳಿಸುವ ಸೂಚನೆಯನ್ನು ಬರೆದವನು ನಾನೇ. ಅದೇ ಪುಟದಲ್ಲಿ ಅಂದು ನಾನೇ ಪ್ರಕಟಿಸಿದ ಬೇರೆ ಮೂರು ಕಾಮೆಂಟುಗಳ ಸಮಯವನ್ನು, ಅವುಗಳ ಬಗ್ಗೆ ಚಾಟ್‌ನಲ್ಲಿ ನಾನು ಬರೆದ ಮಾತುಗಳ ಸಮಯದೊಂದಿಗೆ ಹೋಲಿಸಿದೆ. ಮೂರರಲ್ಲೂ ಸರಿಯಾಗಿ ಒಂದು ಗಂಟೆಯ ವ್ಯತ್ಯಾಸ.

ಅವಳು ಗುಂಡಿ ಒತ್ತಿದ್ದು ಎರಡು ಹದಿನೇಳಕ್ಕೆ. ನಾನು ‘ಬಿಡಿ’ ಎಂದದ್ದು ಎರಡು ಇಪ್ಪತ್ತೊಂದಕ್ಕೆ.